ಅರ್ಜಿ ಹಾಕದವರಿಗೆ ಸೀಟು ಕೊಡುವವರಾರು?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ನಮ್ಮ ಪಟ್ಟಣಗಳ ಮನೆಗಳಲ್ಲಿ ಒಂದು ಬಗೆಯ ಲೆಕ್ಕಾಚಾರ ಆರಂಭವಾಗುತ್ತದೆ. ನೀಟ್‌ನಲ್ಲಿ ಎಷ್ಟು ಅಂಕ ಬರಬಹುದು, ಸಿಇಟಿ ರ‍್ಯಾಂಕ್ ಎಷ್ಟಿರಬಹುದು, ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು ಲಕ್ಷ ಹೊಂದಿಸಬೇಕು ಎಂಬ ಚರ್ಚೆ ನಡೆಯುತ್ತದೆ. ಅಂಕ ಸಾಲದೆ ಹೋದರೆ, ಹಣ ಹೊಂದದೆ ಹೋದರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ. ಹುಡುಗನಾದರೆ ಅಂಗಡಿ ಅಥವಾ ಗಲ್ಫ್ ವೀಸಾ, ಹುಡುಗಿಯಾದರೆ ಮದುವೆಯ ಮಾತುಕತೆ. ಇವೆರಡರ ನಡುವೆ ಒಂದು ಬಾಗಿಲು ತೆರೆದೇ ಇದೆಯೆಂಬುದು ಬಹಳಷ್ಟು ಕುಟುಂಬಗಳ ಗಮನಕ್ಕೇ ಬರುವುದಿಲ್ಲ. ಅದು ರಾಜ್ಯ ಸರಕಾರದ ವಿಶ್ವವಿದ್ಯಾನಿಲಯದ ಬಾಗಿಲು.

ಈ ವಿಶ್ವವಿದ್ಯಾನಿಲಯಗಳು ಯಾರ ಸ್ವತ್ತು? ಇವು ಯಾವುದೋ ಟ್ರಸ್ಟಿನ ಅಥವಾ ಉದ್ಯಮಿಯ ಸಂಸ್ಥೆಗಳಲ್ಲ. ಶಾಸನಸಭೆಯ ಕಾಯ್ದೆಯ ಮೂಲಕ ಸ್ಥಾಪನೆಯಾಗಿ, ಜನರ ತೆರಿಗೆಯ ಹಣದಿಂದ ಬೆಳೆದವು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ, ಮಂಗಳೂರು ಮತ್ತು ಗುಲ್ಬರ್ಗ ವಿಶ್ವವಿದ್ಯಾನಿಲಯಗಳು 1980ರಲ್ಲಿ, ಕುವೆಂಪು ವಿಶ್ವವಿದ್ಯಾನಿಲಯ 1987ರಲ್ಲಿ ಬಂದವು. ವಿಜಯಪುರದ ಮಹಿಳಾ ವಿಶ್ವವಿದ್ಯಾನಿಲಯ 2003ರಲ್ಲಿ, ತುಮಕೂರು ವಿಶ್ವವಿದ್ಯಾನಿಲಯ 2004ರಲ್ಲಿ ತಲೆಯೆತ್ತಿದವು. ಬೆಂಕಿಪೊಟ್ಟಣ ಕೊಳ್ಳುವ ಬೀಡಿ ಕಾರ್ಮಿಕನಿಂದ ಹಿಡಿದು ಲಾರಿಗೆ ಡೀಸೆಲ್ ತುಂಬಿಸುವ ಮಾಲಕನವರೆಗೆ ತೆರಿಗೆ ಕಟ್ಟದವರು ಈ ರಾಜ್ಯದಲ್ಲಿ ಯಾರೂ ಇಲ್ಲ. ಹಾಗಿರುವಾಗ ಈ ಸಂಸ್ಥೆಗಳಲ್ಲಿ ನಮಗೂ ಪಾಲಿದೆ. ಆದರೆ ಪಾಲು ಇದೆಯೆಂದು ತಿಳಿದಿರುವುದು ಬೇರೆ, ಪಾಲನ್ನು ಕೇಳಿ ಪಡೆಯುವುದು ಬೇರೆ.

ಕೊಣಾಜೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ದೇರಳಕಟ್ಟೆಯ ಖಾಸಗಿ ಮೆಡಿಕಲ್ ಕಾಲೇಜುಗಳ ದಾರಿ ಕರಾವಳಿಯ ನಮ್ಮ ಜನರಿಗೆ ಕಂಠಪಾಠ. ಅಲ್ಲಿಂದ ಕೆಲವೇ ಕಿಲೋಮೀಟರ್ ಮುಂದೆ ಹೋದರೆ ಮಂಗಳಗಂಗೋತ್ರಿ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭಗೊಂಡು, 1980ರ ಸೆಪ್ಟೆಂಬರ್ 10ರಂದು ಅದು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಅದರ ಪ್ರಥಮ ಕುಲಪತಿಯಾಗಿದ್ದವರು ಪ್ರೊ. ಬಿ. ಶೇಕ್ ಅಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಅವರು ಮುಂದೆ ಗೋವಾ ವಿಶ್ವವಿದ್ಯಾನಿಲಯಕ್ಕೂ ಪ್ರಥಮ ಕುಲಪತಿಯಾದರು. 2022ರಲ್ಲಿ ಅವರು ನಿಧನರಾದರು. ಒಂದು ವಿಶ್ವವಿದ್ಯಾನಿಲಯವನ್ನು ಮೊದಲ ದಿನದಿಂದ ಕಟ್ಟಿದ ವ್ಯಕ್ತಿಯೊಬ್ಬರು ಈ ಸಮುದಾಯದಿಂದಲೇ ಬಂದಿದ್ದರೆಂಬುದನ್ನು ನಮ್ಮ ಎಷ್ಟು ಮಕ್ಕಳು ಬಲ್ಲರು? ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡು ಕರ್ನಾಟಕದ ಸೂಫಿಗಳ ಕುರಿತು ಸಂಶೋಧನೆ ನಡೆಸಿದ ರಹಮತ್ ತರೀಕೆರೆಯವರ ಹೆಸರನ್ನಾದರೂ ಅವರು ಕೇಳಿರಬೇಕಲ್ಲವೇ? 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರು, ತಮ್ಮ ಓರಗೆಯ ಹೆಣ್ಮಕ್ಕಳು ಮದುವೆಯಾಗಿ ಮನೆ ಸೇರುತ್ತಿದ್ದ ಕಾಲದಲ್ಲಿ ವಿಶ್ವವಿದ್ಯಾನಿಲಯದ ಓದನ್ನು ಆಯ್ದುಕೊಂಡವರು. ಪ್ರಶಸ್ತಿ ಬಂದಾಗ ಅಭಿಮಾನಪಟ್ಟ ನಾವು, ಆ ಪ್ರಶಸ್ತಿಗೆ ದಶಕಗಳ ಹಿಂದಿನ ಆ ಆಯ್ಕೆಯನ್ನೂ ನೆನೆಯಬೇಕು.

ಅಂಕಿಅಂಶಗಳು ಹೇಳುವ ಕಥೆ ಮಾತ್ರ ಬೇರೆಯೇ. 2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿಯ ಪ್ರಕಾರ, ಇಪ್ಪತ್ತು ವರ್ಷ ದಾಟಿದ ಭಾರತೀಯರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7ರಷ್ಟಿದ್ದರೆ, ಮುಸ್ಲಿಮರಲ್ಲಿ ಆ ಪ್ರಮಾಣ ಶೇ. 4ಕ್ಕಿಂತಲೂ ಕಡಿಮೆಯಿತ್ತು. ದೇಶದ ಪ್ರತಿಷ್ಠಿತ ಕಾಲೇಜುಗಳ ಸ್ನಾತಕೋತ್ತರ ತರಗತಿಗಳಲ್ಲಿ ಐವತ್ತು ವಿದ್ಯಾರ್ಥಿಗಳಿಗೆ ಒಬ್ಬ ಮುಸ್ಲಿಮ್ ವಿದ್ಯಾರ್ಥಿಯಷ್ಟೇ ಇದ್ದ. ಆ ವರದಿ ಹಳೆಯದಾಯಿತು, ಈಗ ಪರಿಸ್ಥಿತಿ ಬದಲಾಗಿದೆಯೆಂದು ಸಮಾಧಾನಪಡುವವರಿದ್ದಾರೆ. ಬದಲಾಗಿದೆ, ನಿಜ. ಆದರೆ ಕೇಂದ್ರ ಶಿಕ್ಷಣ ಸಚಿವಾಲಯದ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಒಟ್ಟು ವಿದ್ಯಾರ್ಥಿಗಳ ಪೈಕಿ ಮುಸ್ಲಿಮರು ಶೇ. 4.6ರಷ್ಟು ಮಾತ್ರ. 2011ರ ಜನಗಣತಿಯಲ್ಲಿ ಸಮುದಾಯದ ಪಾಲು ಶೇ. 14.2. ಹಿಂದಿನ ವರ್ಷಕ್ಕೆ ಹೋಲಿಸಿದರೆ ಆ ವರ್ಷ ಸುಮಾರು 1.79 ಲಕ್ಷ ಮುಸ್ಲಿಮ್ ವಿದ್ಯಾರ್ಥಿಗಳು ಕಡಿಮೆಯಾಗಿದ್ದರು. ಕೋವಿಡ್‌ನ ಹೊಡೆತ ಎಲ್ಲರಿಗೂ ಬಿದ್ದಿತ್ತು. ಆದರೂ ಇತರ ಹಿಂದುಳಿದ ಸಮುದಾಯಗಳ ಸಂಖ್ಯೆ ಏರಿದ ವರ್ಷದಲ್ಲಿಯೇ ನಮ್ಮದು ಇಳಿಯಿತು. 2021-22ರ ಸಮೀಕ್ಷೆಯಲ್ಲಿ ಸಂಖ್ಯೆ ಮತ್ತೆ ಇಪ್ಪತ್ತೊಂದು ಲಕ್ಷಕ್ಕೆ ಬಂತು, ಅವರಲ್ಲಿ ಸರಿಸುಮಾರು ಅರ್ಧದಷ್ಟು ಹೆಣ್ಮಕ್ಕಳೆಂಬುದು ನೆಮ್ಮದಿಯ ಸಂಗತಿ. ಹಾಗಿದ್ದರೂ ಜನಸಂಖ್ಯೆಗೂ ತರಗತಿಯ ಸಂಖ್ಯೆಗೂ ನಡುವಿನ ಕಂದಕ ಮುಚ್ಚಿಲ್ಲ.

ಈ ಕಂದಕಕ್ಕೆ ಬಡತನವೊಂದೇ ಕಾರಣವೇ? ಬಡತನ ದೊಡ್ಡ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮದುವೆಯ ಹಾಲ್‌ಗೆ ಲಕ್ಷಗಟ್ಟಲೆ ವ್ಯಯಿಸುವ ಕುಟುಂಬವೂ ಮಗನನ್ನು ಪದವಿಗೆ ಸೇರಿಸದಿರುವುದನ್ನು ಬಡತನವೆಂದು ವಿವರಿಸಲಾಗದು. ಅಲ್ಲಿ ಕೆಲಸ ಮಾಡುತ್ತಿರುವುದು ಒಂದು ನಂಬಿಕೆ. ಡಾಕ್ಟರ್ ಅಥವಾ ಇಂಜಿನಿಯರ್ ಆಗದಿದ್ದರೆ ಓದಿ ಪ್ರಯೋಜನವಿಲ್ಲ, ಬಿಎ ಬಿಎಸ್ಸಿ ಮಾಡಿದವನಿಗೆ ಏನು ಸಿಗುತ್ತದೆ ಎಂಬ ನಂಬಿಕೆ ಅದು.

ಏನು ಸಿಗುತ್ತದೆ? ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರಿ ಪರೀಕ್ಷೆ ಬರೆಯಲು ಬೇಕಾದುದು ಯಾವುದಾದರೊಂದು ಮಾನ್ಯತೆ ಪಡೆದ ಪದವಿ. ಪ್ರಥಮ ದರ್ಜೆ ಸಹಾಯಕನ ಹುದ್ದೆಗೂ, ಪಂಚಾಯತ್ ಅಭಿವೃದ್ಧಿ ಅಧಿಕಾರಿಯ ಹುದ್ದೆಗೂ, ಐಎಎಸ್ ಪರೀಕ್ಷೆಗೂ ಅದೇ ಅರ್ಹತೆ. ಹೈಸ್ಕೂಲಿನ ಶಿಕ್ಷಕನಾಗಲು ಪದವಿಯ ಜೊತೆ ಬಿಎಡ್ ಬೇಕು. ಪದವಿ ಕಾಲೇಜಿನಲ್ಲಿ ಪಾಠ ಮಾಡಲು ಸ್ನಾತಕೋತ್ತರ ಪದವಿಯ ಜೊತೆ ನೆಟ್ ಅಥವಾ ಕೆ-ಸೆಟ್ ಬೇಕು, ಇಲ್ಲವೇ ಪಿಎಚ್‌ಡಿ ಬೇಕು. ತಾಲೂಕು ಕಚೇರಿಯಲ್ಲಿ ನಮ್ಮವರಿಲ್ಲ, ಪೊಲೀಸ್ ಠಾಣೆಯಲ್ಲಿ ನಮ್ಮವರಿಲ್ಲ, ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ನಮ್ಮವರಿಲ್ಲ ಎಂದು ಸಭೆಗಳಲ್ಲಿ ದೂರುವುದು ಸುಲಭ. ಆ ಕುರ್ಚಿಗಳಿಗೆ ಹೋಗುವ ದಾರಿ ಬಿಎ, ಬಿಎಸ್ಸಿ, ಬಿಕಾಂ ತರಗತಿಗಳ ಮೂಲಕವೇ ಹಾದುಹೋಗುತ್ತದೆಂಬುದನ್ನು ಆ ಸಭೆಗಳಲ್ಲಿ ಹೇಳುವವರು ವಿರಳ.

ಗಲ್ಫ್ ಉದ್ಯೋಗವನ್ನೇ ಗುರಿಯಾಗಿಟ್ಟುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಒಳ್ಳೆಯ ಹುದ್ದೆ ಸಿಗಬೇಕಾದರೆ ಪದವಿ ಪ್ರಮಾಣಪತ್ರ ದೃಢೀಕರಣಗೊಳ್ಳಬೇಕು. ಪ್ರಮಾಣಪತ್ರ ಕೊಟ್ಟ ಸಂಸ್ಥೆ ನಿಜವೇ, ಮಾನ್ಯತೆ ಪಡೆದುದೇ ಎಂಬ ಪ್ರಶ್ನೆ ಅಲ್ಲಿ ಮೊದಲು ಬರುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಗಾಗ ಪ್ರಕಟಿಸಬೇಕಾಗಿ ಬಂದಿರುವುದೇ ವಂಚನೆಯ ವ್ಯಾಪ್ತಿಗೆ ಸಾಕ್ಷಿ. ಆರು ತಿಂಗಳಲ್ಲಿ ಡಿಗ್ರಿ ಕೊಡಿಸುತ್ತೇವೆಂಬ ಭಿತ್ತಿಪತ್ರ ನಂಬಿ ಸಾವಿರಾರು ರೂಪಾಯಿ ಕಳೆದುಕೊಂಡ ಯುವಕರು ನಮ್ಮ ಪಟ್ಟಣಗಳಲ್ಲಿ ಇಲ್ಲವೇ? ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾನಿಲಯದ ಪದವಿಗೆ ಆ ಅನುಮಾನದ ನೆರಳು ಬೀಳುವುದಿಲ್ಲ.

ಇನ್ನು ಅರ್ಜಿಯ ವಿಷಯ. ಅನೇಕ ಮಕ್ಕಳು ಸೀಟು ಕಳೆದುಕೊಳ್ಳುವುದು ಅಂಕದ ಕೊರತೆಯಿಂದಲ್ಲ, ಕಾಗದದ ಕೊರತೆಯಿಂದ. 2021ರಿಂದ ರಾಜ್ಯದ ಪದವಿ ಪ್ರವೇಶವನ್ನು ಯುಯುಸಿಎಂಎಸ್ ಎಂಬ ಏಕೀಕೃತ ಆನ್‌ಲೈನ್ ವ್ಯವಸ್ಥೆಗೆ ತರಲಾಯಿತು. ಎಂಬಿಎ, ಎಂಸಿಎಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆಯಬೇಕು. ಎಂಎ, ಎಂಎಸ್ಸಿ, ಎಂಕಾಂಗಳಿಗೆ ಆಯಾ ವಿಶ್ವವಿದ್ಯಾನಿಲಯ ಹೊರಡಿಸುವ ಪ್ರವೇಶ ಅಧಿಸೂಚನೆಯನ್ನು ನೋಡಬೇಕು. ಪಿಎಚ್‌ಡಿ ಪ್ರವೇಶಕ್ಕೆ ನೆಟ್ ಅಂಕಗಳನ್ನೂ ಬಳಸಬಹುದೆಂದು ಯುಜಿಸಿ 2024ರಲ್ಲಿ ತಿಳಿಸಿತು. ಎಲ್ಲದಕ್ಕೂ ಕೊನೆಯ ದಿನಾಂಕವಿದೆ, ಆ ದಿನಾಂಕ ಯಾರಿಗಾಗಿಯೂ ಕಾಯುವುದಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅರ್ಜಿ ಸಲ್ಲಿಸಿ, ಆರ್‌ಡಿ ಸಂಖ್ಯೆ ಕೈಗೆ ಬರಲು ಸಮಯ ಹಿಡಿಯುತ್ತದೆ. ಪ್ರವೇಶದ ಕೊನೆಯ ವಾರದಲ್ಲಿ ನಾಡಕಚೇರಿಯ ಸಾಲಿನಲ್ಲಿ ನಿಂತವನಿಗೆ ಅದು ಸಕಾಲದಲ್ಲಿ ಸಿಗುವ ಭರವಸೆಯಿಲ್ಲ. ಈ ಕೆಲಸ ಪರೀಕ್ಷೆಗೆ ಮೊದಲೇ ಮುಗಿದಿರಬೇಕು.

ಹೆಸರಿನ ಸಮಸ್ಯೆ ನಮ್ಮಲ್ಲಿ ವಿಶೇಷವಾಗಿದೆ. ಒಂದೇ ಮಗುವಿನ ಹೆಸರು ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಬ್ಯಾಂಕ್ ಪುಸ್ತಕದಲ್ಲಿ ಬರಿಯ ಎಂಡಿ ಎಂದಿರುತ್ತದೆ. ತಂದೆಯ ಹೆಸರು ಒಂದು ಕಡೆ ಪೂರ್ಣವಾಗಿ, ಇನ್ನೊಂದು ಕಡೆ ಮೊದಲಕ್ಷರದಲ್ಲಿ ಇರುತ್ತದೆ. ಮನುಷ್ಯರು ಇದನ್ನು ಅರ್ಥ ಮಾಡಿಕೊಂಡಾರು, ಕಂಪ್ಯೂಟರ್ ಅರ್ಥ ಮಾಡಿಕೊಳ್ಳುವುದಿಲ್ಲ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಸಿಲುಕಿಕೊಳ್ಳುವುದು, ಆಧಾರ್ ಜೋಡಣೆಯಿಲ್ಲದ ಖಾತೆಗೆ ಹಣ ಬಾರದಿರುವುದು ಹೆಚ್ಚಾಗಿ ಇಂಥ ಕಾರಣಗಳಿಂದಲೇ. ಮಗು ಎಂಟನೆಯ ತರಗತಿಯಲ್ಲಿರುವಾಗಲೇ ಎಲ್ಲ ದಾಖಲೆಗಳಲ್ಲಿ ಹೆಸರನ್ನು ಒಂದೇ ರೀತಿಯಾಗಿ ಸರಿಪಡಿಸಿಕೊಳ್ಳುವುದು ಹೆತ್ತವರ ಹೊಣೆ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ಬದಲಿಸುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು.

ಮೀಸಲಾತಿಯ ಕುರಿತೂ ಸ್ಪಷ್ಟ ತಿಳುವಳಿಕೆ ಬೇಕು. 1995ರಲ್ಲಿ ಜಾರಿಗೆ ಬಂದ ಪ್ರವರ್ಗ 2ಬಿ ಮುಸ್ಲಿಮರಿಗೆ ಶೇ. 4ರ ಮೀಸಲಾತಿ ನೀಡುತ್ತದೆ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ ಅದನ್ನು ರದ್ದುಪಡಿಸಿ ಇತರ ಎರಡು ಪ್ರವರ್ಗಗಳಿಗೆ ಹಂಚಲು ಆದೇಶಿಸಿತು. ಮರುತಿಂಗಳು ಸುಪ್ರೀಂ ಕೋರ್ಟಿನ ಮುಂದೆ ಅದೇ ಸರಕಾರ ಆ ಆದೇಶವನ್ನು ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಹೇಳಬೇಕಾಯಿತು. ಅಂದು ಬೀದಿಗಿಳಿದು ಪ್ರತಿಭಟಿಸಿದವರು ಸರಿಯಾದ ಕೆಲಸವನ್ನೇ ಮಾಡಿದರು. ಆದರೆ ಐವತ್ತು ಸೀಟುಗಳ ಒಂದು ಸ್ನಾತಕೋತ್ತರ ತರಗತಿಯಲ್ಲಿ ಶೇ. 4 ಅಂದರೆ ಎರಡು ಸೀಟು. ಆ ಎರಡು ಸೀಟುಗಳಿಗೆ ಅರ್ಜಿಯೇ ಬಾರದಿದ್ದರೆ ನಿಯಮದಂತೆ ಅವು ಬೇರೆ ವರ್ಗಕ್ಕೆ ಹೋಗುತ್ತವೆ. ಆಗ ನಾವು ಯಾರನ್ನು ದೂರಬೇಕು? ಸರಕಾರ ಕಸಿದುಕೊಳ್ಳಲು ಬಂದಾಗ ತಡೆದ ಹಕ್ಕನ್ನು ಪ್ರವೇಶ ಕೌಂಟರಿನಲ್ಲಿ ಸದ್ದಿಲ್ಲದೆ ಬಿಟ್ಟುಕೊಡುವುದು ಎಂಥ ವಿಪರ್ಯಾಸ! ನದಾಫ್-ಪಿಂಜಾರ, ಛಪ್ಪರ್‌ಬಂದ್, ದರ್ವೇಶ್ ಮುಂತಾದ ಸಮುದಾಯಗಳು ಪ್ರವರ್ಗ 1ರಲ್ಲಿವೆ ಎಂಬುದು ಆ ಕುಟುಂಬಗಳಲ್ಲಿಯೇ ಎಲ್ಲರಿಗೂ ಗೊತ್ತಿಲ್ಲ. 2ಬಿಗೆ ಕೆನೆಪದರದ ಆದಾಯ ಮಿತಿಯಿದೆ, ಪ್ರವರ್ಗ 1ಕ್ಕೆ ಅದಿಲ್ಲ. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371ಜೆ ವಿಧಿಯ ಅನ್ವಯ ಆ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಮತ್ತು ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಮೀಸಲು. ಇದು ಧರ್ಮ ನೋಡಿ ಕೊಡುವ ಸೌಲಭ್ಯವಲ್ಲ, ಪ್ರದೇಶ ನೋಡಿ ಕೊಡುವುದು. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರ ಪಡೆದಿಟ್ಟುಕೊಂಡವನಿಗೆ ಮಾತ್ರ ಅದರ ಫಲ.

ಹೆಣ್ಮಕ್ಕಳ ಪ್ರಶ್ನೆಯನ್ನು ಪ್ರತ್ಯೇಕವಾಗಿಯೇ ನೋಡಬೇಕು. ಪಿಯುಸಿಯಲ್ಲಿ ಹುಡುಗರನ್ನು ಹಿಂದಿಕ್ಕುವ ನಮ್ಮ ಹುಡುಗಿಯರು ಪದವಿಯ ನಂತರ ಎಲ್ಲಿ ಮರೆಯಾಗುತ್ತಾರೆ? ಊರಿನ ಕಾಲೇಜಿನಲ್ಲಿ ಪದವಿ ಮುಗಿಸಿದವಳಿಗೆ ಸ್ನಾತಕೋತ್ತರ ಓದಬೇಕಾದರೆ ದೂರದ ಕ್ಯಾಂಪಸ್ಸಿಗೆ ಹೋಗಬೇಕು. ದಿನವೂ ಬಸ್ಸು ಹತ್ತಬೇಕು ಅಥವಾ ಹಾಸ್ಟೆಲಿನಲ್ಲಿ ಉಳಿಯಬೇಕು. ಇಲ್ಲಿಯೇ ಮನೆಯವರ ಧೈರ್ಯ ಕುಸಿಯುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಧಾರವಾಡ, ಮೈಸೂರು, ಕಲಬುರಗಿಗಳ ಸುತ್ತಲಿನ ಹುಡುಗಿಯರಿಗೆ ಇದು ದೊಡ್ಡ ನೆರವು. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಆ ನೆರವು ಅಷ್ಟಾಗಿ ತಲುಪಿಲ್ಲ. ಕೊಣಾಜೆಯ ಕ್ಯಾಂಪಸ್ಸಿಗೆ ತರಗತಿಯ ಸಮಯಕ್ಕೆ ಹೊಂದುವ ಸರಕಾರಿ ಬಸ್ಸುಗಳನ್ನು ಹೆಚ್ಚಿಸಿರೆಂದು ಕೇಳುವುದು ಒಂದು ಸಮುದಾಯದ ಬೇಡಿಕೆಯಲ್ಲ, ಜಿಲ್ಲೆಯ ಎಲ್ಲ ಬಡ ಹೆಣ್ಮಕ್ಕಳ ಬೇಡಿಕೆ.

ಹಿಜಾಬ್ ವಿವಾದದ ಗಾಯ ಇನ್ನೂ ಹಸಿಯಾಗಿಯೇ ಇದೆ. 2021ರ ಕೊನೆಯಲ್ಲಿ ಉಡುಪಿಯಲ್ಲಿ ಆರಂಭವಾದುದು 2022ರ ಫೆಬ್ರವರಿ 5ರ ಸರಕಾರಿ ಆದೇಶಕ್ಕೂ, ಮಾರ್ಚ್ 15ರ ಹೈಕೋರ್ಟ್ ತೀರ್ಪಿಗೂ ತಲುಪಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ವರ್ಷ ತರಗತಿಯ ಬಾಗಿಲಲ್ಲಿ ನಿಂತ ಹುಡುಗಿಯರಲ್ಲಿ ಕೆಲವರು ಟಿಸಿ ಪಡೆದು ಬೇರೆ ಕಾಲೇಜಿಗೆ ಹೋದರು, ಕೆಲವರು ಮನೆಯಲ್ಲಿ ಉಳಿದರು. ಆ ನೋವನ್ನು ಕಡೆಗಣಿಸಿ ಉಪದೇಶ ಮಾಡಲು ನಮಗೆ ಮನಸ್ಸಿಲ್ಲ. ಒಬ್ಬಳು ವಿದ್ಯಾರ್ಥಿನಿಗೆ ಆಕೆಯ ಉಡುಪು ಮತ್ತು ಆಕೆಯ ಪುಸ್ತಕದ ನಡುವೆ ಒಂದನ್ನು ಆರಿಸಿಕೋ ಎಂದು ಹೇಳುವ ವ್ಯವಸ್ಥೆ ನ್ಯಾಯದ್ದಲ್ಲ. ಆದರೆ ಆ ಒಂದು ವರ್ಷದ ಭಯವನ್ನೇ ಮುಂದಿಟ್ಟುಕೊಂಡು, ಇನ್ನು ನಮ್ಮ ಹೆಣ್ಮಕ್ಕಳಿಗೆ ವಿಶ್ವವಿದ್ಯಾನಿಲಯವೇ ಬೇಡವೆನ್ನುವ ಹೆತ್ತವರು ಒಂದು ವಿಷಯವನ್ನು ಯೋಚಿಸಬೇಕು. ಸ್ನಾತಕೋತ್ತರ ವಿಭಾಗಗಳಲ್ಲಿ ಸಾಮಾನ್ಯವಾಗಿ ಸಮವಸ್ತ್ರದ ಪದ್ಧತಿಯೇ ಇಲ್ಲ. ಸೇರುವ ಮೊದಲು ಆ ಸಂಸ್ಥೆಯ ನಿಯಮವನ್ನು ಕೇಳಿ ತಿಳಿದುಕೊಳ್ಳಿ, ಅಲ್ಲಿ ಓದುತ್ತಿರುವ ವಿದ್ಯಾರ್ಥಿನಿಯರೊಡನೆ ಮಾತನಾಡಿ. ವದಂತಿಯನ್ನು ನಂಬಿ ಮಗಳ ಓದನ್ನು ನಿಲ್ಲಿಸಿದರೆ, ಬಾಗಿಲು ಮುಚ್ಚಬಯಸಿದವರ ಕೆಲಸವನ್ನು ನಾವೇ ಪೂರ್ತಿಗೊಳಿಸಿದಂತಾಗುತ್ತದೆ.

ಸೀಟು ಸಿಕ್ಕ ಮೇಲೆ ಎಲ್ಲವೂ ಮುಗಿಯಿತೇ? ಇಲ್ಲ, ಆರಂಭವಾಗುವುದೇ ಅಲ್ಲಿಂದ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ವಿಜ್ಞಾನ ಅಥವಾ ವಾಣಿಜ್ಯದ ಮೊದಲ ಸೆಮಿಸ್ಟರಿನ ಇಂಗ್ಲಿಷ್ ಪಠ್ಯ ಗೋಡೆಯಂತೆ ಎದುರಾಗುತ್ತದೆ. ಅಂಗಡಿಯಲ್ಲಿ ತಂದೆಗೆ ನೆರವಾಗಲೆಂದು ತರಗತಿ ತಪ್ಪಿಸಿದವನಿಗೆ ಹಾಜರಿಯ ಕೊರತೆಯಾಗುತ್ತದೆ. ಹಾಜರಿ ಶೇ. 75 ತಲುಪದಿದ್ದರೆ ಪರೀಕ್ಷೆಗೆ ಕುಳ್ಳಿರಿಸುವುದಿಲ್ಲ. ಒಂದು ವಿಷಯ ಬಾಕಿ ಉಳಿದರೆ ಮುಂದಿನ ಸೆಮಿಸ್ಟರಿನಲ್ಲಿ ಮೂರಾಗುತ್ತದೆ, ಕೊನೆಗೆ ಓದೇ ನಿಲ್ಲುತ್ತದೆ. ಪ್ರವೇಶದ ದಿನ ಮಗನ ಜೊತೆ ಕಾಲೇಜಿಗೆ ಹೋದ ತಂದೆ, ಅವನು ಓದುವ ಮೂರು ವರ್ಷಗಳಲ್ಲಿ ಒಮ್ಮೆಯಾದರೂ ಮತ್ತೆ ಹೋಗಿ ಅಧ್ಯಾಪಕರನ್ನು ಕಾಣಬೇಡವೇ? ಪದವಿ ಎಷ್ಟು ವರ್ಷದ್ದೆಂಬುದೂ ಹಲವರಿಗೆ ಗೊಂದಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ವ್ಯವಸ್ಥೆ ಬಂತು. 2024-25ರ ಸಾಲಿನಿಂದ ರಾಜ್ಯ ಸರಕಾರ ಮರಳಿ ಮೂರು ವರ್ಷದ ಪದವಿಗೆ ಬಂತು. ಸರಕಾರಗಳು ಬದಲಾದಂತೆ ಪಠ್ಯಕ್ರಮವೂ ಬದಲಾಗುತ್ತಿದ್ದರೆ ಪೆಟ್ಟು ಬೀಳುವುದು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ. ಅಂಥ ಮಗುವಿಗೆ ವಿವರಿಸಿ ಹೇಳುವವರು ಮನೆಯಲ್ಲಿಲ್ಲ.

ವಿಶ್ವವಿದ್ಯಾನಿಲಯ ಕೊಡುವುದು ಪ್ರಮಾಣಪತ್ರವನ್ನಷ್ಟೇ ಅಲ್ಲ. ನಮ್ಮ ಮಕ್ಕಳು ನಮ್ಮದೇ ಕೇರಿಯಲ್ಲಿ ಬೆಳೆದು, ನಮ್ಮದೇ ಶಾಲೆಯಲ್ಲಿ ಓದಿ, ನಮ್ಮದೇ ಅಂಗಡಿಯಲ್ಲಿ ದುಡಿಯುತ್ತಾರೆ. ನೆರೆಯ ಸಮುದಾಯದ ಓರಗೆಯವರೊಡನೆ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಹಾಸ್ಟೆಲಿನಲ್ಲಿ ಉಂಡು, ಒಂದೇ ಪುಸ್ತಕದ ಬಗ್ಗೆ ವಾದಿಸುವ ಅವಕಾಶ ಅವರಿಗೆ ಮತ್ತೆಲ್ಲಿ ಸಿಗುತ್ತದೆ? ಪರಸ್ಪರ ಪರಿಚಯವೇ ಇಲ್ಲದವರ ನಡುವೆ ದ್ವೇಷದ ಮಾತು ಬೇಗ ಬೇರೂರುತ್ತದೆ. ಒಂದೇ ಪ್ರಯೋಗಾಲಯದಲ್ಲಿ ಎರಡು ವರ್ಷ ಕೆಲಸ ಮಾಡಿದವರ ನಡುವೆ ಅದು ಅಷ್ಟು ಸುಲಭವಲ್ಲ. ಸಮುದಾಯದವರು ಕಟ್ಟಿದ ವಿದ್ಯಾಸಂಸ್ಥೆಗಳ ಸೇವೆಯನ್ನು ನಾವು ಗೌರವಿಸುತ್ತೇವೆ. ಆದರೆ ಇಲ್ಲಿ ಸಿಗುವ ಈ ನಂಟಿಗೆ ಅವು ಪರ್ಯಾಯವಾಗಲಾರವು.

ಇಷ್ಟೆಲ್ಲ ಓದಿದ ಬಳಿಕ ಓದುಗರು ಒಂದು ಪ್ರಶ್ನೆ ಕೇಳಬಹುದು. ಸರಕಾರಿ ವಿಶ್ವವಿದ್ಯಾನಿಲಯಗಳ ಸ್ಥಿತಿ ಅಷ್ಟು ಚೆನ್ನಾಗಿದೆಯೇ? ಅಧ್ಯಾಪಕರಿಲ್ಲದ ವಿಭಾಗಗಳಿಗೆ ಮಕ್ಕಳನ್ನು ಕಳಿಸಿ ಏನು ಮಾಡುವುದು? ಈ ಪ್ರಶ್ನೆ ನ್ಯಾಯವಾದುದು. ನಿವೃತ್ತರಾದವರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ. ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಪಾಠ ಪ್ರವಚನ ನಡೆದಿದೆ. ಅವರು 2023ರ ಕೊನೆಯ ತಿಂಗಳುಗಳಲ್ಲಿ ಖಾಯಮಾತಿಗಾಗಿ ತರಗತಿ ಬಹಿಷ್ಕರಿಸಿದಾಗ ಅನೇಕ ಕಾಲೇಜುಗಳಲ್ಲಿ ಪಾಠವೇ ನಿಂತಿತು. ಫಲಿತಾಂಶ ತಡ, ಅಂಕಪಟ್ಟಿ ತಡ ಎಂಬ ದೂರು ಹಲವು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಂದ ಬಂದಿದೆ. ಒಂದು ಸರಕಾರ ಚುನಾವಣೆಯ ಹೊಸ್ತಿಲಲ್ಲಿ, 2023ರ ಮಾರ್ಚ್‌ನಲ್ಲಿ, ಕೊಡಗು, ಹಾಸನ, ಹಾವೇರಿ, ಕೊಪ್ಪಳ, ಚಾಮರಾಜನಗರ, ಬಾಗಲಕೋಟೆ, ಬೀದರ್‌ಗಳಲ್ಲಿ ಏಳು ವಿಶ್ವವಿದ್ಯಾನಿಲಯಗಳನ್ನು ಉದ್ಘಾಟಿಸಿತು. ಅವುಗಳಿಗೆ ಬೇಕಾದಷ್ಟು ಹಣವನ್ನಾಗಲಿ, ಹುದ್ದೆಗಳನ್ನಾಗಲಿ ಕೊಡಲಿಲ್ಲ. ಮುಂದಿನ ಸರಕಾರದ ಸಂಪುಟ ಉಪಸಮಿತಿಯಲ್ಲಿ 2025ರ ಫೆಬ್ರವರಿಯಲ್ಲಿ ಅವುಗಳ ಪೈಕಿ ಬಹುತೇಕವನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ಚರ್ಚೆ ನಡೆಯಿತು. ನಾಮಫಲಕ ತೂಗುಹಾಕುವುದನ್ನೇ ಶಿಕ್ಷಣವೆಂದು ತಿಳಿದವರೂ, ಹಣ ಉಳಿಸುವುದನ್ನೇ ಸುಧಾರಣೆಯೆಂದು ತಿಳಿದವರೂ ವಿದ್ಯಾರ್ಥಿಯ ಪಾಲಿಗೆ ಒಂದೇ.

ಕೇಂದ್ರ ಸರಕಾರದ ನಡೆ ಇದಕ್ಕಿಂತ ಭಿನ್ನವಲ್ಲ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಇದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್‌ಅನ್ನು 2022-23ರಿಂದ ನಿಲ್ಲಿಸಲಾಗುವುದೆಂದು 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಲಾಯಿತು. ಇತರ ಯೋಜನೆಗಳೊಂದಿಗೆ ಅದು ಪುನರಾವರ್ತನೆಯಾಗುತ್ತಿದೆ ಎಂಬುದು ಕೊಟ್ಟ ಕಾರಣ. ಅದೇ ವರ್ಷ ಒಂದರಿಂದ ಎಂಟನೆಯ ತರಗತಿವರೆಗಿನ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನೂ ನಿಲ್ಲಿಸಲಾಯಿತು. ಏಣಿಯ ಕೆಳಗಿನ ಮೆಟ್ಟಿಲನ್ನೂ ಮೇಲಿನ ಮೆಟ್ಟಿಲನ್ನೂ ಒಂದೇ ವರ್ಷದಲ್ಲಿ ಕಿತ್ತವರು, ಈ ಸಮುದಾಯವೇಕೆ ಮೇಲೇರುತ್ತಿಲ್ಲವೆಂದು ಕೇಳುವುದು ಹಾಸ್ಯಾಸ್ಪದ.

ಹಾಗೆಂದು ಈ ಕೊರತೆಗಳು ಅರ್ಜಿ ಹಾಕದಿರಲು ಕಾರಣವಾಗಬಾರದು. ಸರಕಾರಿ ಆಸ್ಪತ್ರೆಗಳ ಕಥೆಯನ್ನು ನೆನಪಿಸಿಕೊಳ್ಳಿ. ಹಣವುಳ್ಳವರು, ಮಾತು ಬಲ್ಲವರು, ಅಧಿಕಾರಿಗಳ ಪರಿಚಯವುಳ್ಳವರು ಅಲ್ಲಿಂದ ಒಬ್ಬೊಬ್ಬರಾಗಿ ಖಾಸಗಿಯತ್ತ ಹೋದರು. ಉಳಿದವರ ದನಿ ಯಾರಿಗೂ ಕೇಳಿಸಲಿಲ್ಲ, ಆಸ್ಪತ್ರೆ ಸೊರಗಿತು. ಸರಕಾರಿ ಶಾಲೆಗಳಲ್ಲಿಯೂ ಇದೇ ನಡೆಯಿತು. ಈಗ ವಿಶ್ವವಿದ್ಯಾನಿಲಯಗಳ ಸರದಿ. ಪ್ರವೇಶ ಕಡಿಮೆಯಾಯಿತೆಂದು ಒಂದು ವಿಭಾಗವನ್ನು ಮುಚ್ಚುತ್ತಾರೆ, ವಿಭಾಗ ಮುಚ್ಚಿತೆಂದು ಅಧ್ಯಾಪಕರ ಹುದ್ದೆ ರದ್ದಾಗುತ್ತದೆ, ಅಧ್ಯಾಪಕರಿಲ್ಲವೆಂದು ಮರುವರ್ಷ ಇನ್ನಷ್ಟು ಮಕ್ಕಳು ದೂರವಾಗುತ್ತಾರೆ. ಈ ಸರಪಣಿಯನ್ನು ಒಂದು ಕಡೆ ಕಡಿಯಲೇಬೇಕು. ತರಗತಿಯಲ್ಲಿ ಮಕ್ಕಳಿದ್ದರೆ ಮಾತ್ರ ಅಧ್ಯಾಪಕರನ್ನು ಕೊಡಿ ಎಂದು ಕೇಳುವ ನೈತಿಕ ಹಕ್ಕು ಇರುತ್ತದೆ. ಖಾಲಿ ಬೆಂಚಿನ ಪರವಾಗಿ ಯಾರೂ ವಾದಿಸಲಾರರು.

ಹಾಗಾದರೆ ಏನು ಮಾಡಬೇಕು? ಪ್ರತಿ ಜಮಾಅತ್ ತನ್ನ ವ್ಯಾಪ್ತಿಯಲ್ಲಿ ಈ ವರ್ಷ ಪಿಯುಸಿ ಮತ್ತು ಪದವಿ ಮುಗಿಸಿದ ಹುಡುಗ ಹುಡುಗಿಯರ ಪಟ್ಟಿ ಮಾಡಲಿ. ಪ್ರವೇಶದ ಎರಡು ತಿಂಗಳು ಮಸೀದಿಯ ಅಥವಾ ಶಾಲೆಯ ಒಂದು ಕೋಣೆಯಲ್ಲಿ, ವಾರಕ್ಕೆ ಎರಡು ಸಂಜೆ, ಕಂಪ್ಯೂಟರ್ ಬಲ್ಲ ಇಬ್ಬರು ಯುವಕ ಯುವತಿಯರು ಕುಳಿತು ಅರ್ಜಿ ತುಂಬಿಸಿಕೊಡಲಿ. ಇದು ನಮ್ಮವರಿಗೆ ಮಾತ್ರ ಎಂಬ ಬೋರ್ಡು ಬೇಡ. ನೆರೆಮನೆಯ ಬೀಡಿ ಕಟ್ಟುವ ತಾಯಿಯ ಮಗನೂ ಬರಲಿ. ಈಗಾಗಲೇ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವವರು ರಜೆಯಲ್ಲಿ ಊರಿಗೆ ಬಂದಾಗ ಕಿರಿಯರೊಡನೆ ಮಾತನಾಡಲಿ. ದೊಡ್ಡ ಸನ್ಮಾನ ಸಮಾರಂಭದ ಶಾಲು, ಫಲಕಗಳ ಖರ್ಚಿನಲ್ಲಿ ಹತ್ತು ಮಕ್ಕಳ ಪರೀಕ್ಷಾ ಶುಲ್ಕ ಕಟ್ಟಬಹುದು.

ಜೊತೆಗೆ ಕೇಳುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬೇಕು. ವಿಶ್ವವಿದ್ಯಾನಿಲಯಗಳು 2005ರ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ನಮ್ಮ ವಿಶ್ವವಿದ್ಯಾನಿಲಯದಲ್ಲಿ ಕಳೆದ ಮೂರು ವರ್ಷಗಳಲ್ಲಿ 2ಬಿ ಮತ್ತು ಪ್ರವರ್ಗ 1ರ ಎಷ್ಟು ಸೀಟುಗಳಿಗೆ ಅರ್ಜಿ ಬಂದಿತ್ತು, ಎಷ್ಟು ಭರ್ತಿಯಾಯಿತು, ಎಷ್ಟು ಅಧ್ಯಾಪಕ ಹುದ್ದೆಗಳು ಖಾಲಿಯಿವೆ ಎಂದು ಯಾವ ನಾಗರಿಕನೂ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಸಿಂಡಿಕೇಟಿಗೆ ಸರಕಾರ ನಾಮನಿರ್ದೇಶನ ಮಾಡಿದ ಸದಸ್ಯರನ್ನು ಪಟ್ಟಣದ ಸಭೆಗೆ ಕರೆದು ಹಾಸ್ಟೆಲ್, ಬಸ್ಸು, ಅಂಕಪಟ್ಟಿಗಳ ಬಗ್ಗೆ ಉತ್ತರ ಕೇಳಬಹುದು. ಮತ ಕೇಳಲು ಬರುವ ಶಾಸಕರ ಮುಂದೆ ಶಾದಿಮಹಲ್ ಮತ್ತು ಖಬರಸ್ತಾನದ ಆವರಣ ಗೋಡೆಯ ಜೊತೆ ಈ ಬೇಡಿಕೆಗಳನ್ನೂ ಇಡಬಹುದು. ಖಾಲಿ ಹುದ್ದೆ ತುಂಬಿಸಿರಿ, ನಿಲ್ಲಿಸಿದ ಫೆಲೋಶಿಪ್ ಮತ್ತೆ ಕೊಡಿರಿ, ತೆರೆದ ವಿಶ್ವವಿದ್ಯಾನಿಲಯವನ್ನು ಮುಚ್ಚಬೇಡಿರಿ ಎಂಬುದು ಭಿಕ್ಷೆಯಲ್ಲ. ತೆರಿಗೆ ಕಟ್ಟಿದವರು ಕೇಳುವ ಲೆಕ್ಕ ಅದು.

ಈ ವರ್ಷದ ಪ್ರವೇಶದ ದಿನಗಳು ಬರುತ್ತವೆ, ಹೋಗುತ್ತವೆ. ಅಷ್ಟರೊಳಗೆ ಪ್ರತಿ ಮನೆಯಲ್ಲಿ ಒಂದು ಕಡತ ಸಿದ್ಧವಾಗಿರಲಿ. ಅದರಲ್ಲಿ ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಹೆಸರು ಸರಿಯಾಗಿರುವ ಆಧಾರ್, ಬ್ಯಾಂಕ್ ಪುಸ್ತಕದ ಪ್ರತಿಗಳಿರಲಿ. ಮಗನಿಗೊಂದು ಕಡತವಿದ್ದರೆ ಮಗಳಿಗೂ ಒಂದಿರಲಿ. ಸೀಟು ಸಿಗಲೂಬಹುದು, ಸಿಗದಿರಲೂಬಹುದು. ಅದನ್ನು ಅಂಕ ಮತ್ತು ನಿಯಮಗಳು ತೀರ್ಮಾನಿಸಲಿ. ಅರ್ಜಿಯನ್ನೇ ಹಾಕದೆ ನಮ್ಮ ಮಕ್ಕಳ ಪರವಾಗಿ ನಾವೇ ಇಲ್ಲವೆಂದು ತೀರ್ಮಾನಿಸುವುದು ಇನ್ನಾದರೂ ನಿಲ್ಲಲಿ.